ಹೊಳಿ ಬಂದಾಗ, ಗುಳೆ ಹೊಂಟಾಗ: ಮಕ್ಕಳ ಬಗ್ಗೆ ಓದುಗರ ಪ್ರಶ್ನೆಗಳು

ಭೀಮಾ ದಂಡೆಯ ಊರುಗಳಿಗೆ ನೆರೆ ಹೊಸದಲ್ಲ. 2020ರ ಅಕ್ಟೋಬರಿನಲ್ಲಿ ಮಹಾರಾಷ್ಟ್ರದ ಜಲಾಶಯಗಳಿಂದ ಬಿಟ್ಟ ನೀರು ಸೊನ್ನ ಬ್ಯಾರೇಜ್ ದಾಟಿ ಕಲಬುರಗಿ, ಯಾದಗಿರಿ ಜಿಲ್ಲೆಗಳ ಊರೂರಿಗೆ ನುಗ್ಗಿದ್ದನ್ನು ಇಲ್ಲಿ ಯಾರೂ ಮರೆತಿಲ್ಲ. ಮನೆ, ಬೆಳೆ, ದನಕರುಗಳ ಪರಿಹಾರದ ಬಗ್ಗೆ ನಮಗೆ ಕಾಗದಗಳು ಬರುತ್ತಲೇ ಇರುತ್ತವೆ. ಈ ಸಲ ಮಕ್ಕಳ ಬಗ್ಗೆ ಕೇಳಿದವರು ಹೆಚ್ಚು, ಹಾಗಾಗಿ ಇಡೀ ಅಂಕಣವನ್ನು ಅದಕ್ಕೇ ಬಿಟ್ಟಿದ್ದೇವೆ. ಕಾನೂನು, ಆರೋಗ್ಯ, ಕಾಳಜಿ ಕೇಂದ್ರದ ಕೆಲಸ ಬಲ್ಲವರು ಕೂಡಿ ಉತ್ತರಿಸಿದ್ದಾರೆ.

ಪ್ರಶ್ನೆ: ನಮ್ಮೂರು ಹೊಳಿ ದಂಡಿಗೇ ಅದ. ಡಂಗುರ ಹೊಡೆದ ಮ್ಯಾಲೆ ಎರಡು ಟ್ರ್ಯಾಕ್ಟರ್‌ನ್ಯಾಗ ಮಂದಿನ್ನ ಸಾಗಸ್ತೀವಿ. ಮೊದಲನೇ ಟ್ರಿಪ್ಪಿಗೇ ಸಣ್ಣ ಹುಡುಗರನ್ನೆಲ್ಲ ಕಳಿಸಿಬಿಡೋಣ ಅಂತಾರ ಕೆಲವರು, ಬ್ಯಾಡ ಅಂತಾರ ಕೆಲವರು. ಯಾವುದು ಬರೋಬ್ಬರಿ?
– ಯುವಕ ಸಂಘದ ಸದಸ್ಯ, ಅಫಜಲಪುರ ತಾಲ್ಲೂಕು

ಉತ್ತರ: ಬ್ಯಾಡ ಅಂದವರದೇ ಬರೋಬ್ಬರಿ. ಮಕ್ಕಳು ಮೊದಲನೇ ಟ್ರ್ಯಾಕ್ಟರ್‌ನಲ್ಲಿ ಹೋಗುತ್ತವೆ. ತಾಯಿ ಆಡು, ಜೋಳದ ಚೀಲ, ಕಾಗದ ಪತ್ರ ಅಂತ ಹಿಂದೆ ಉಳಿಯುತ್ತಾಳೆ. ಅಷ್ಟರಲ್ಲಿ ಮೊದಲನೇ ಶಾಲೆ ತುಂಬಿತು ಅಂತ ಎರಡನೇ ಟ್ರ್ಯಾಕ್ಟರನ್ನು ಬೇರೆ ಊರಿಗೆ ತಿರುಗಿಸುತ್ತಾರೆ, ನಡುವಿನ ಸೇತುವೆ ಮುಳುಗುತ್ತದೆ. ಮಕ್ಕಳು ತಂದೆತಾಯಿಯಿಂದ ಬೇರೆಯಾಗುವುದು ಬಹಳ ಸಲ ಹೀಗೆ, ನಾವೇ ಮಾಡಿದ ಸಾಗಾಟದಿಂದ. ಒಂದು ಮನೆಯವರು ಒಂದೇ ಟ್ರಿಪ್ಪಿನಲ್ಲಿ ಹೋಗಬೇಕು. ಮೊದಲ ಟ್ರಿಪ್ಪು ಬಾಣಂತಿಯರು, ಕೂಸುಗಳಿರುವ ಮನೆಗಳಿಗೆ ಅಂತ ಇಟ್ಟುಕೊಳ್ಳಿ, ಆದರೆ ಇಡೀ ಮನೆ ಹತ್ತಲಿ. ಸಾಮಾನು ಎರಡನೇದಕ್ಕೆ ಬರಲಿ.

ಮೇಲಿನಿಂದ ನೀರು ಬಿಟ್ಟ ಸುದ್ದಿಗೂ ಊರಿಗೆ ನೀರು ಬರುವುದಕ್ಕೂ ನಡುವೆ ಸಿಗುವ ಹೊತ್ತಿನಲ್ಲಿ ಒಂದು ಚೀಟಿ ಕೆಲಸ ಮುಗಿಸಿ. ಆರು ವರ್ಷದೊಳಗಿನ ಪ್ರತಿ ಮಗುವಿಗೂ ಒಂದು ಚೀಟಿ: ಮಗುವಿನ ಹೆಸರು, ಮನೆಯಲ್ಲಿ ಕರೆಯುವ ಹೆಸರು, ತಾಯಿ ಹೆಸರು, ತಂದೆ ಹೆಸರು, ಊರು, ತಾಲ್ಲೂಕು, ಎರಡು ಮೊಬೈಲ್ ನಂಬರು. ಎರಡನೇ ನಂಬರು ನೆರೆ ಇಲ್ಲದ ಊರಿನ ನೆಂಟರದಾಗಿರಲಿ. ಕರೆಂಟು ಹೋಗಿ ಊರಿನ ಫೋನುಗಳೆಲ್ಲ ಒಟ್ಟಿಗೇ ಸತ್ತರೆ ಆಗ ಅದೊಂದೇ ಗತಿ. ಬರೆಯಲು ಪೆನ್ಸಿಲ್ ಒಳ್ಳೆಯದು. ಜೆಲ್ ಪೆನ್ನಿನ ಶಾಯಿ ನೀರು ತಾಗಿದರೆ ಹರಡಿ ಹೋಗುತ್ತದೆ. ಚೀಟಿ ಮಡಚಿ ಸಣ್ಣ ಪ್ಲಾಸ್ಟಿಕ್ ಪೊಟ್ಟಣದಲ್ಲಿಟ್ಟು, ಬಾಯಿ ಸುಟ್ಟು ಮುಚ್ಚಿ, ಅಂಗಿಯ ಒಳಮಗ್ಗುಲಿಗೆ ನಾಲ್ಕು ಹೊಲಿಗೆ ಹಾಕಿ. ಕುತ್ತಿಗೆಗೆ ಕಟ್ಟಬೇಡಿ: ದಾರ ಸಿಕ್ಕಿಕೊಂಡು ಉಸಿರು ಕಟ್ಟುವ ಅಪಾಯವಿದೆ. ಜೊತೆಗೆ, ಹೊರಗೆ ಕಾಣುವ ಹೆಸರನ್ನು ಯಾರು ಬೇಕಾದರೂ ಓದಿ "ಬಾ ತಂಗಿ, ನಿಮ್ಮವ್ವ ಕರೀಲಿಕ್ಕತ್ಯಾಳ" ಅನ್ನಬಹುದು. ಹೆಸರು ಹಿಡಿದು ಕರೆದವರ ಹಿಂದೆ ಮಗು ಹೋಗಿಬಿಡುತ್ತದೆ.

ನಿಮ್ಮವ್ವನ ಹೆಸರೇನು ಅಂದರೆ ನಾಲ್ಕು ವರ್ಷದ ಮಗು "ಅವ್ವ" ಅನ್ನುತ್ತದೆ. ತಾಯಿಯ ಹೆಸರು, ಊರ ಹೆಸರು ಎರಡನ್ನು ಬಾಯಿಪಾಠ ಮಾಡಿಸಿ, ಹಾಡಿನ ಹಾಗೆ. ದೋಣಿ, ರಕ್ಷಣಾ ತಂಡ ಬೇಕಾದರೆ ಜಿಲ್ಲೆಯ ಸಹಾಯವಾಣಿ 1077, ರಾಜ್ಯದ್ದು 1070.

ಪ್ರಶ್ನೆ: ನಮ್ಮ ಸರ್ಕಾರಿ ಶಾಲೆಯನ್ನು ನೆರೆ ಬಂದಾಗ ಕಾಳಜಿ ಕೇಂದ್ರ ಮಾಡುತ್ತಾರೆ. ಊಟ, ಚಾಪೆ, ಹೊದಿಕೆ ತಹಶೀಲ್ದಾರರ ಕಡೆಯಿಂದ ಬರುತ್ತವೆ. ಮಕ್ಕಳ ಸುರಕ್ಷತೆಗೆ ಅಂತ ಪ್ರತ್ಯೇಕವಾಗಿ ನಾವು ಮಾಡಬೇಕಾದ್ದೇನು?
– ಮುಖ್ಯ ಶಿಕ್ಷಕಿ, ಜೇವರ್ಗಿ ತಾಲ್ಲೂಕು

ಉತ್ತರ: ಶೌಚಾಲಯದ ಚಿಲಕದಿಂದ ಶುರುಮಾಡಿ, ಮೇಡಂ. ತಮಾಷೆ ಅಲ್ಲ. ಶಾಲೆಯ ಶೌಚಾಲಯದ ಬಾಗಿಲಿಗೆ ಹೊರಗಿನ ಕೊಂಡಿ ಗಟ್ಟಿ ಇರುತ್ತದೆ, ಬೀಗ ಹಾಕಬೇಕಲ್ಲ. ಒಳಗಿನ ಚಿಲಕ ಎಂದೋ ಮುರಿದು ಅದರ ಜಾಗದಲ್ಲಿ ಎರಡು ತೂತು ಉಳಿದಿರುತ್ತವೆ. ಹಗಲು ಗೆಳತಿ ಬಾಗಿಲು ಹಿಡಿದು ನಿಲ್ಲುತ್ತಾಳೆ. ರಾತ್ರಿ ನೂರಾರು ಅಪರಿಚಿತರ ನಡುವೆ ಹನ್ನೆರಡು ವರ್ಷದ ಹುಡುಗಿ ಏನು ಮಾಡಬೇಕು? ಬೆಳಗಿನವರೆಗೆ ತಡೆದುಕೊಳ್ಳುತ್ತಾಳೆ, ನೀರು ಕುಡಿಯುವುದನ್ನೇ ಬಿಡುತ್ತಾಳೆ, ಇಲ್ಲವೇ ಕತ್ತಲಲ್ಲಿ ಒಬ್ಬಳೇ ಬಯಲಿಗೆ ಹೋಗುತ್ತಾಳೆ. ಮೂರೂ ಕೆಟ್ಟದ್ದೇ. ನಾಲ್ಕಿಂಚಿನ ಟವರ್ ಬೋಲ್ಟ್, ನಾಲ್ಕು ಸ್ಕ್ರೂ, ಅರ್ಧ ತಾಸಿನ ಕೆಲಸ. ಬಾಗಿಲ ಕಟ್ಟಿಗೆ ಕೊಳೆತಿದ್ದರೆ ಹಳೇ ತೂತಿಗೆ ಸ್ಕ್ರೂ ಹಿಡಿಯುವುದಿಲ್ಲ, ಒಂದು ಗೇಣು ಮೇಲೆ ಹೊಸ ಜಾಗದಲ್ಲಿ ಹಾಕಿಸಿ. ಆದರೆ ಐದು ವರ್ಷದ ಮಗುವಿನ ಕೈಗೂ ಎಟುಕಬೇಕು, ಒಳಗೆ ಸಿಕ್ಕಿಬಿದ್ದರೆ ಕಷ್ಟ.

ಬೆಳಕು ಬಾಗಿಲ ಮುಂದೆ ಮಾತ್ರ ಇದ್ದರೆ ಸಾಲದು, ಮಲಗುವ ಕೋಣೆಯಿಂದ ಶೌಚಾಲಯದವರೆಗಿನ ದಾರಿಯುದ್ದಕ್ಕೂ ಬೇಕು. ಕರೆಂಟು ಹೋಗುತ್ತದೆ ಅಂತಲೇ ಲೆಕ್ಕ ಹಾಕಿ ಸೋಲಾರ್ ಇಲ್ಲವೇ ಚಾರ್ಜಿಂಗ್ ದೀಪ ಕೇಳಿ. ನೆರವು ಕಾರ್ಯಕ್ಕೆ ಜಗತ್ತಿನಾದ್ಯಂತ ಬಳಸುವ ಸ್ಫಿಯರ್ ಮಾನದಂಡದ ಪ್ರಕಾರ ಆರಂಭದ ದಿನಗಳಲ್ಲಿ 50 ಜನಕ್ಕೊಂದು, ಆಮೇಲೆ 20 ಜನಕ್ಕೊಂದು ಶೌಚಾಲಯ ಇರಬೇಕು. ಗಂಡಸರದ್ದು ಒಂದಿದ್ದರೆ ಹೆಂಗಸರದ್ದು ಮೂರು. ಮಲಗುವ ಜಾಗದಿಂದ 50 ಮೀಟರಿಗಿಂತ ದೂರ ಇರಕೂಡದು. ತಲೆಗೆ ದಿನಕ್ಕೆ 15 ಲೀಟರ್ ನೀರು, 3.5 ಚದರ ಮೀಟರ್ ನೆಲ. ನಿಮ್ಮ ತರಗತಿ ಕೋಣೆ 20 ಅಡಿಗೆ 20 ಅಡಿ ಇದೆ ಅಂದುಕೊಳ್ಳಿ, 37 ಚದರ ಮೀಟರ್ ಆಯಿತು. ಹತ್ತು ಜನಕ್ಕೆ ಸರಿ. ಮೂವತ್ತು ಜನರನ್ನು ಹಾಕುತ್ತಾರೆ ಅಂತ ನಮಗೂ ಗೊತ್ತು. ಹಾಕುವುದೇ ಆದರೆ ಮನೆಮನೆ ಒಟ್ಟಿಗೆ ಮಲಗಲಿ, ಒಂಟಿ ಗಂಡಸರಿಗೆ ಬೇರೆ ಕೋಣೆ ಕೊಡಿ, ಗಂಡಸರು ಜೊತೆಗಿಲ್ಲದ ತಾಯಿ ಮಕ್ಕಳಿಗೆ ಶಿಕ್ಷಕರ ಕೊಠಡಿಯ ಪಕ್ಕದ ಕೋಣೆ ಇರಲಿ. ಕೂಸಿಗೆ ಹಾಲು ಕುಡಿಸಲು ಒಂದು ಮೂಲೆಗೆ ಎರಡು ಸೀರೆ ಅಡ್ಡ ಕಟ್ಟಿದರೂ ಆದೀತು.

ಗೇಟಿನ ಹತ್ತಿರ ಒಂದು ರಿಜಿಸ್ಟರ್ ಇಡಿ. ತಲೆ ಎಣಿಕೆ ಊಟದ ಲೆಕ್ಕಕ್ಕೆ ಆಗುತ್ತದೆ, ಮಕ್ಕಳಿಗೆ ಆಗುವುದಿಲ್ಲ. 18 ವರ್ಷದೊಳಗಿನ ಪ್ರತಿಯೊಬ್ಬರಿಗೂ ಒಂದು ಸಾಲು: ಹೆಸರು, ವಯಸ್ಸು, ಊರು, ಯಾರ ಜೊತೆ ಬಂದದ್ದು, ಅವರು ಏನಾಗಬೇಕು, ಮನೆಯಲ್ಲಿ ಆಡುವ ಭಾಷೆ. ನಮ್ಮ ಕಡೆ ಲಂಬಾಣಿ, ದಖನಿ, ಮರಾಠಿ, ತೆಲುಗು ಎಲ್ಲ ಬರುತ್ತವೆ. ಕನ್ನಡ ಬಾರದ ಮಗುವನ್ನು "ಮಾತಾಡಲ್ಲ" ಅಂತ ಬರೆದು ಕೈಬಿಡುವುದುಂಟು. ಕೊನೆಯ ಕಾಲಂ ಬಹಳ ಮುಖ್ಯ: ಕೇಂದ್ರ ಬಿಟ್ಟು ಹೋಗುವಾಗ ಯಾರ ಜೊತೆ, ಎಲ್ಲಿಗೆ, ಸಹಿ. ಬಂದದ್ದನ್ನು ಎಲ್ಲರೂ ಬರೆಯುತ್ತಾರೆ, ಹೋದದ್ದನ್ನು ಬರೆಯುವವರು ಕಡಿಮೆ. ಕೆಲಸ ಕೊಡಿಸುತ್ತೇನೆ, ಓದಿಸುತ್ತೇನೆ ಅಂತ ಮಕ್ಕಳನ್ನು ಕರೆದೊಯ್ಯುವವರು ಬರುವುದು ನೀರು ಇಳಿಯತೊಡಗಿದ ಮೂರನೇ ನಾಲ್ಕನೇ ದಿನಕ್ಕೆ, ಪೊಲೀಸರೂ ಪತ್ರಕರ್ತರೂ ಅತ್ತ ತಿರುಗಿದ ಮೇಲೆ.

ಬೆಳಿಗ್ಗೆ ಎರಡು ತಾಸು, ಸಂಜೆ ಎರಡು ತಾಸು ಅಂಗನವಾಡಿ ಕಾರ್ಯಕರ್ತೆಯರು ಮಕ್ಕಳನ್ನು ಒಂದು ಕೋಣೆಯಲ್ಲಿ ಕೂಡಿಸಿ ಆಟ, ಹಾಡು, ಚಿತ್ರ ಮಾಡಿಸಲಿ. ಯಾವಾಗಲೂ ಇಬ್ಬರು ದೊಡ್ಡವರಿರಬೇಕು, ಬಾಗಿಲು ತೆರೆದಿರಬೇಕು. ಹೊರಗಿನ ಸ್ವಯಂಸೇವಕರು ಎಷ್ಟೇ ಒಳ್ಳೆಯವರಿದ್ದರೂ ಮಗುವಿನ ಜೊತೆ ಒಬ್ಬರೇ ಇರಕೂಡದು. ಸಮಯವನ್ನು ಅಡುಗೆ ಹೊತ್ತಿಗೆ ಹೊಂದಿಸಿ. ಶಾಲೆಯ ಅಂಗಳದಲ್ಲಿ ನೂರು ಜನದ ಸಾರು ಕುದಿಯುತ್ತಿರುತ್ತದೆ, ಹಂಡೆ ನೆಲಮಟ್ಟದಲ್ಲೇ ಇರುತ್ತದೆ, ಓಡಾಡುವ ಹುಡುಗರು ಹಿಂದೆ ಸರಿದು ಅದರಲ್ಲಿ ಬೀಳುತ್ತಾರೆ. ಒಲೆಯ ಸುತ್ತ ಹತ್ತು ಅಡಿ ಬಿಟ್ಟು ಬೆಂಚು ಅಡ್ಡ ಇಡಿ. ಸುಟ್ಟರೆ ತಣ್ಣೀರು 20 ನಿಮಿಷ, ಪೇಸ್ಟು ಬೇಡ, ನೇರ ಆಸ್ಪತ್ರೆ.

ಇನ್ನೊಂದು ಮಾತು: ಬಿಸ್ಕತ್ತು ಕೊಡುತ್ತ ಮಕ್ಕಳ ಮುಖದ ಫೋಟೊ ತೆಗೆಯುವವರಿಗೆ ಗೇಟಿನಲ್ಲೇ ಬೇಡ ಅನ್ನಿ.

ಪ್ರಶ್ನೆ: ನೆರೆಯ ಹೊತ್ತಿಗೆ ಐದಾರು ವರ್ಷದ ಹುಡುಗನೊಬ್ಬ ಒಬ್ಬನೇ ಸಿಕ್ಕರೆ, ಮಕ್ಕಳಿಲ್ಲದ ದಂಪತಿ "ನಾವೇ ಸಾಕುತ್ತೇವೆ" ಅಂದರೆ ಕೊಡಬಹುದೆ? ಅನಾಥಾಶ್ರಮಕ್ಕಿಂತ ಮನೆ ಮೇಲಲ್ಲವೆ?
– ಗ್ರಾಮ ಪಂಚಾಯಿತಿ ಸದಸ್ಯ, ವಡಗೇರಾ ತಾಲ್ಲೂಕು

ಉತ್ತರ: ಕೊಡಬಾರದು. ಒಬ್ಬನೇ ಸಿಕ್ಕ ಅಂದಮಾತ್ರಕ್ಕೆ ಅನಾಥ ಆಗುವುದಿಲ್ಲ. ಅವನವ್ವ ಹತ್ತು ಮೈಲಿ ಆಚೆಯ ಕೇಂದ್ರದಲ್ಲಿ ಅವನನ್ನೇ ಹುಡುಕುತ್ತ ಅಳುತ್ತಿರಬಹುದು. 2015ರ ಬಾಲನ್ಯಾಯ ಕಾಯ್ದೆ ಪ್ರಕಾರ ಪೋಷಕರಿಂದ ಬೇರೆಯಾದ ಮಗು ಕಂಡ ಯಾರೇ ಆಗಲಿ, ಪ್ರಯಾಣದ ಹೊತ್ತು ಬಿಟ್ಟು 24 ಗಂಟೆಯೊಳಗೆ ತಿಳಿಸಬೇಕು: ಮಕ್ಕಳ ಸಹಾಯವಾಣಿ 1098ಕ್ಕೆ, ಪೊಲೀಸರಿಗೆ, ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಇಲ್ಲವೇ ಮಕ್ಕಳ ಕಲ್ಯಾಣ ಸಮಿತಿಗೆ. ಮಗು ಎಲ್ಲಿರಬೇಕೆಂದು ತೀರ್ಮಾನಿಸುವುದು ಆ ಸಮಿತಿ. ಪ್ರತಿ ಜಿಲ್ಲೆಗೂ ಒಂದಿದೆ, ಅಧ್ಯಕ್ಷರು ಮತ್ತು ನಾಲ್ವರು ಸದಸ್ಯರು. ಸಮಿತಿ ಸೇರದ ದಿನ ಒಬ್ಬ ಸದಸ್ಯರ ಮುಂದೆ ಹಾಜರುಪಡಿಸಿದರೂ ನಡೆಯುತ್ತದೆ. ಊರ ಹಿರಿಯರು ಕೂತು ಛಾಪಾ ಕಾಗದದ ಮೇಲೆ ಬರೆದುಕೊಟ್ಟ ದತ್ತು ದತ್ತಲ್ಲ. ಕ್ರಮ ಮೀರಿ ಕೊಟ್ಟವರಿಗೂ ತೆಗೆದುಕೊಂಡವರಿಗೂ ಮೂರು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷ ರೂಪಾಯಿ ದಂಡ, ಇಲ್ಲವೇ ಎರಡೂ ಆಗಬಹುದು. ಆ ದಂಪತಿಗೆ ನಿಜಕ್ಕೂ ಮಗು ಬೇಕಿದ್ದರೆ ಕೇಂದ್ರ ದತ್ತು ಸಂಪನ್ಮೂಲ ಪ್ರಾಧಿಕಾರದಲ್ಲಿ ಹೆಸರು ನೋಂದಾಯಿಸಲಿ.

ಹುಡುಗ ಸಿಕ್ಕ ಕೂಡಲೇ ಸಿಕ್ಕ ಜಾಗ, ಹೊತ್ತು, ಮೈಮೇಲಿನ ಬಟ್ಟೆ, ಮಚ್ಚೆ, ಉಡದಾರ, ತಾಯತ ಬರೆದಿಡಿ. ಒದ್ದೆ ಬಟ್ಟೆ ಬದಲಿಸಿದರೆ ಹಳೆಯದನ್ನು ಎಸೆಯಬೇಡಿ, ಗುರುತು ಹಚ್ಚುವುದು ಬಹಳ ಸಲ ಅದರಿಂದಲೇ. ಉಣ್ಣಿಸಿ, ಆಮೇಲೆ ಒಬ್ಬರೇ ಕೂತು ಕೇಳಿ; ಎಂಟು ಜನ ಸುತ್ತ ನಿಂತು ಕೇಳಿದರೆ ಬಾಯಿ ಬಿಡುವುದಿಲ್ಲ. "ಯಾವ ತಾಲ್ಲೂಕು" ಅಂದರೆ ತಿಳಿಯದು. ನಿಮ್ಮ ಮನೆ ಹತ್ತಿರ ಯಾವ ಗುಡಿ ಅದ, ದರ್ಗಾ ಅದ ಏನು, ಜಾತ್ರೆಗೆ ತೇರು ಎಳೀತಾರಾ, ಸಾಲಿ ಬಣ್ಣ ಯಾವುದು, ರೈಲು ಸಪ್ಪಳ ಕೇಳಸ್ತದಾ ಅಂತ ಕೇಳಿ. ವಾಡಿ ಕಡೆಯ ಮಗು ರೈಲಿನ ಬಗ್ಗೆ ಹೇಳುತ್ತದೆ, ಶಹಾಬಾದ್ ಕಡೆಯದು ಪರಸಿ ಕಲ್ಲಿನ ಬಗ್ಗೆ.

ಫೋಟೊ ಹಾಕಿ ವಾಟ್ಸ್ಆ್ಯಪ್ ಗುಂಪುಗಳಿಗೆ ಹರಿಬಿಡಬೇಡಿ. ಇಂಥ ಮಗುವಿನ ಗುರುತು ಪ್ರಕಟಿಸುವುದು ಅದೇ ಕಾಯ್ದೆಯಡಿ ಅಪರಾಧ. ಅದಕ್ಕಿಂತ ದೊಡ್ಡ ತೊಂದರೆ ಅಂದರೆ "ನಮ್ಮ ಹುಡುಗ" ಅಂತ ಯಾರು ಬೇಕಾದರೂ ಬಂದು ನಿಲ್ಲುತ್ತಾರೆ. ಯಾರಾದರೂ ಬಂದರೆ ಮಗುವನ್ನು ತೋರಿಸುವ ಮೊದಲೇ ಅವರಿಂದ ವಿವರ ಬರೆಸಿಕೊಳ್ಳಿ, ಒಪ್ಪಿಸುವುದು ಸಮಿತಿಯ ಆದೇಶದ ಮೇಲೆ ಮಾತ್ರ.

ಅಜ್ಜಿ, ಕಾಕಾ, ಸೋದರಮಾವನ ಜೊತೆ ಇರುವ ಮಗುವಿನ ಮಾತು ಬೇರೆ. ಅದನ್ನು ಅಲ್ಲಿಂದ ಕೀಳಬೇಡಿ. ರಿಜಿಸ್ಟರಿನಲ್ಲಿ "ತಂದೆತಾಯಿ ಜೊತೆಗಿಲ್ಲ, ಅಜ್ಜಿ ಜೊತೆ ಇದೆ" ಅಂತ ಬರೆದು ಎರಡು ದಿನಕ್ಕೊಮ್ಮೆ ನೋಡಿಕೊಂಡು ಬನ್ನಿ.

ಇನ್ನು ಮಗು ಕಳೆದುಕೊಂಡವರು: "24 ಗಂಟೆ ಕಾಯಿರಿ" ಅಂತ ಠಾಣೆಯಲ್ಲಿ ಯಾರಾದರೂ ಹೇಳಿದರೆ ಒಪ್ಪಬೇಡಿ. ಕಾಣೆಯಾದ ಮಗುವಿನ ದೂರಿಗೆ ಎಫ್‌ಐಆರ್ ದಾಖಲಿಸಲೇಬೇಕೆಂದು ಸುಪ್ರೀಂ ಕೋರ್ಟ್ 2013ರಲ್ಲೇ ಹೇಳಿದೆ. ಯಾವ ಠಾಣೆಯಾದರೂ ಸರಿ, ನಿಮ್ಮೂರ ಠಾಣೆ ನೀರಲ್ಲಿ ನಿಂತಿದ್ದರೆ ಹತ್ತಿರ ಇದ್ದಲ್ಲಿ ಕೊಡಿ.

ಪ್ರಶ್ನೆ: ಭೀಮಾ ತೀರದ ಕೂಸುಗಳಿಗೆ ಕಳಿಸಲು ನಮ್ಮ ಗೆಳೆಯರ ಬಳಗ ಹಾಲಿನ ಪುಡಿ ಡಬ್ಬಿ, ಬಾಟಲಿ ಕೂಡಿಸುತ್ತಿದೆ. ಬೇರೇನು ಸೇರಿಸಬೇಕು?
– ಭಾಲ್ಕಿಯ ಓದುಗರು

ಉತ್ತರ: ಸೇರಿಸುವುದಕ್ಕಿಂತ ಮೊದಲು ಅವೆರಡನ್ನೂ ತೆಗೆಯಿರಿ. ಕೇಂದ್ರದಲ್ಲಿ ಬಾಟಲಿ ಕುದಿಸಲು ಒಲೆ ಸಿಗುವುದಿಲ್ಲ, ನೀರು ಶುದ್ಧ ಇರುವುದಿಲ್ಲ. ಪುಡಿ ಮುಗಿಯಬಾರದು ಅಂತ ತಾಯಿ ತೆಳ್ಳಗೆ ಕಲಸುತ್ತಾಳೆ. ನಾಲ್ಕು ದಿನದಲ್ಲಿ ಕೂಸಿಗೆ ಭೇದಿ, ಅಷ್ಟರಲ್ಲಿ ಎದೆಹಾಲು ಕಡಿಮೆಯಾಗಿರುತ್ತದೆ. ಅಂಜಿಕೆಯಿಂದ ಹಾಲು ಬತ್ತುತ್ತದೆ ಅನ್ನುವುದು ತಪ್ಪು ತಿಳಿವಳಿಕೆ. ಸ್ವಲ್ಪ ಹೊತ್ತು ಇಳಿಯದಿರಬಹುದು, ತಾಯಿಗೆ ಉಣ್ಣಲಿಕ್ಕೆ ಕೊಟ್ಟು, ಮರೆ ಮಾಡಿ ಕೂಡಿಸಿ, ಮತ್ತೆ ಮತ್ತೆ ಕುಡಿಸಿದರೆ ಬರುತ್ತದೆ. ಶಿಶು ಹಾಲಿನ ಬದಲಿ ಆಹಾರ, ಬಾಟಲಿಗಳನ್ನು ಹೀಗೆ ದಾನವಾಗಿ ಹಂಚುವುದನ್ನು 1992ರ ಕಾಯ್ದೆಯೂ ತಡೆದಿದೆ, ಅನಾಥಾಲಯಕ್ಕೆ ಮಾತ್ರ ವಿನಾಯಿತಿ. ತಾಯಿ ಇಲ್ಲದ ಕೂಸಿದ್ದರೆ ವೈದ್ಯರ ಸಲಹೆಯಂತೆ ಲೋಟ, ಚಮಚದಲ್ಲಿ ಕುಡಿಸಬೇಕು.

ಕಳಿಸಬೇಕಾದ್ದು: ಮುಚ್ಚಳ ಮತ್ತು ನಲ್ಲಿ ಇರುವ 20 ಲೀಟರ್ ನೀರಿನ ಡ್ರಮ್ಮು, ಸಾಬೂನು, ಸ್ಯಾನಿಟರಿ ಪ್ಯಾಡು ಮತ್ತು ಒಳ ಉಡುಪು, ಮಕ್ಕಳ ಚಪ್ಪಲಿ (ಕೆಸರಿನಲ್ಲಿ ಗಾಜು, ಮುಳ್ಳು ಕಾಣುವುದಿಲ್ಲ), ಸೊಳ್ಳೆ ಪರದೆ, ಹುರಿದ ಶೇಂಗಾ, ಪುಟಾಣಿ, ಬೆಲ್ಲ. ಶೇಂಗಾ, ಪುಟಾಣಿ ಸಣ್ಣ ಮಕ್ಕಳಿಗೆ ಪುಡಿ ಮಾಡಿಯೇ ಕೊಡಬೇಕು, ಕಾಳು ಗಂಟಲಿಗೆ ಸಿಗುತ್ತದೆ. ಓಆರ್‌ಎಸ್ ಕಳಿಸುವುದಾದರೆ ಒಂದು ಲೀಟರಿನ ಪೊಟ್ಟಣವೇ ಎಲ್ಲ ಇರಲಿ. 200 ಮಿಲಿಲೀಟರಿನದು ಬೆರಕೆಯಾದರೆ ಅಳತೆ ತಪ್ಪುತ್ತದೆ. ಲೀಟರಿನ ಪೊಟ್ಟಣ ಒಂದು ಲೋಟಕ್ಕೆ ಸುರಿದರೆ ಉಪ್ಪು ಹೆಚ್ಚಾಗಿ ಮಗುವಿಗೇ ಅಪಾಯ. ಪ್ರತಿ ಸಲ ಭೇದಿಯಾದ ಮೇಲೆ ಎರಡು ವರ್ಷದೊಳಗಿನವರಿಗೆ 50ರಿಂದ 100 ಮಿಲಿಲೀಟರ್, ಅದಕ್ಕಿಂತ ದೊಡ್ಡ ಮಕ್ಕಳಿಗೆ 100ರಿಂದ 200, ಚಮಚ ಚಮಚವಾಗಿ. ಕಲಸಿದ್ದು 24 ಗಂಟೆ ದಾಟಿದರೆ ಚೆಲ್ಲಬೇಕು. ಜೊತೆಗೆ ಜಿಂಕ್ ಮಾತ್ರೆ 14 ದಿನ, ಆಶಾ ಕಾರ್ಯಕರ್ತೆ ಕೊಡುತ್ತಾರೆ. ಭೇದಿ ನಿಂತಿತು ಅಂತ ಮೂರನೇ ದಿನಕ್ಕೆ ಬಿಡುವುದೇ ಎಲ್ಲ ಕಡೆ ಆಗುವ ತಪ್ಪು.

ಪ್ರಶ್ನೆ: ಮನಿ ಬಿದ್ದದ, ತೊಗರಿ ಹೋಗ್ಯದ. 15 ವರ್ಷದ ಮಗಳಿಗೆ ಬೀಗರು ತಾವೇ ಬಂದು ಕೇಳಲಿಕ್ಕತ್ಯಾರ, ಖರ್ಚು ಅವರದೇ ಅಂತ. ಮಾಡಿಬಿಡೋಣ ಅಂತಾರ ಮನ್ಯಾಗ.
– ಒಬ್ಬ ತಾಯಿ, ಶಹಾಪುರ ತಾಲ್ಲೂಕು

ಉತ್ತರ: ಅಕ್ಕಾರ, ಮಾಡಬ್ಯಾಡ್ರಿ. ಬಾಲ್ಯವಿವಾಹ ನಿಷೇಧ ಕಾಯ್ದೆಗೆ ಕರ್ನಾಟಕ ಮಾಡಿದ ತಿದ್ದುಪಡಿ ಪ್ರಕಾರ 18 ತುಂಬದ ಹುಡುಗಿಯ ಮದುವೆ ಮೊದಲಿಂದಲೇ ಅಸಿಂಧು, ಅಂದರೆ ಆದರೂ ಆಗದಂತೆ. ನಾಳೆ ಆತ ಬಿಟ್ಟರೆ ನಿಮ್ಮ ಮಗಳು ಹೆಂಡತಿ ಅಂತ ಹೇಳಿಕೊಳ್ಳಲೂ ಬರುವುದಿಲ್ಲ. ಮಾಡಿಸಿದ ತಂದೆತಾಯಿ, ಓದಿದ ಪುರೋಹಿತ, ಖಾಜಿ ಎಲ್ಲರಿಗೂ ಒಂದು ಲಕ್ಷದವರೆಗೆ ದಂಡ, ಅವರಲ್ಲಿ ಗಂಡಸರಿಗೆ ಎರಡು ವರ್ಷದವರೆಗೆ ಜೈಲು ಕೂಡ ಬೀಳಬಹುದು. ಮನೆಯವರು ಕೇಳದಿದ್ದರೆ 1098ಕ್ಕೆ ಫೋನು ಮಾಡಿ, ಹೆಸರು ಹೇಳಬೇಕಿಲ್ಲ. ದಿನ ಗೊತ್ತಾಗಿದ್ದರೆ ನ್ಯಾಯಾಲಯ ತಡೆಯಾಜ್ಞೆಯನ್ನೂ ಕೊಡುತ್ತದೆ. ಬಿದ್ದ ಮನೆಯಲ್ಲಿ ಬೆಳೆದ ಹುಡುಗಿಯನ್ನು ಹೇಗೆ ಇಟ್ಟುಕೊಳ್ಳುವುದು ಅನ್ನುವ ಅಂಜಿಕೆ ಸುಳ್ಳಲ್ಲ; ಅದಕ್ಕೆ ದಾರಿ ಹಾಸ್ಟೆಲು. ತಾಲ್ಲೂಕಿನ ಸಮಾಜ ಕಲ್ಯಾಣ ಇಲ್ಲವೇ ಹಿಂದುಳಿದ ವರ್ಗಗಳ ಕಲ್ಯಾಣ ಕಚೇರಿಗೆ, ಕಸ್ತೂರಬಾ ಶಾಲೆಗೆ ಸೀಟಿಗಾಗಿ ಈ ವಾರವೇ ಅರ್ಜಿ ಕೊಡಿ, ನೆರೆಯಲ್ಲಿ ಮನೆ ಬಿದ್ದದ್ದಕ್ಕೆ ಗ್ರಾಮ ಆಡಳಿತಾಧಿಕಾರಿಯ ದಾಖಲೆ ಹಚ್ಚಿ.

ಪ್ರಶ್ನೆ: ದೀಪಾವಳಿ ಆದ ಮ್ಯಾಲೆ ನಮ್ಮ ತಾಂಡಾದವರು ಪುಣೆ, ಮುಂಬೈಗೆ ಗುಳೆ ಹೋಗ್ತೀವಿ. ಒಂಬತ್ತು ವರ್ಷದವನು, ಎರಡು ವರ್ಷದವಳು ಇಬ್ಬರು ಮಕ್ಕಳು. ಒಯ್ಯಬೇಕೋ ಅಜ್ಜಿ ಹತ್ರ ಬಿಡಬೇಕೋ?
– ಕಟ್ಟಡ ಕಾರ್ಮಿಕ, ಚಿತ್ತಾಪುರ ತಾಲ್ಲೂಕು

ಉತ್ತರ: ನಮ್ಮ ಅಭಿಪ್ರಾಯ: ಸಣ್ಣವಳು ತಾಯಿ ಜೊತೆ ಬರಲಿ, ದೊಡ್ಡವನನ್ನು, ಅಜ್ಜಿ ಗಟ್ಟಿ ಇದ್ದರೆ, ಶಾಲೆ ಬಿಡಿಸದೆ ಊರಲ್ಲೇ ಬಿಡಿ. ಅಜ್ಜಿಗೆ ಆಗದಿದ್ದರೆ ಗುಳೆ ಹೋದವರ ಮಕ್ಕಳಿಗೆ ಇರುವ ಋತುಮಾನ ಹಾಸ್ಟೆಲ್ ನಿಮ್ಮ ಕ್ಲಸ್ಟರಿನಲ್ಲಿ ನಡೆಯುತ್ತದೆಯೇ ಎಂದು ಮುಖ್ಯ ಶಿಕ್ಷಕರನ್ನು ಹೊರಡುವ ತಿಂಗಳ ಮುಂಚೆಯೇ ಕೇಳಿ. ಹೊರಟ ಮೇಲೆ ಕೇಳಿದರೆ ಯಾರೂ ತೆರೆಯುವುದಿಲ್ಲ. ಬಿಡುವಾಗ ಶಾಲೆಗೆ, ಅಂಗನವಾಡಿಗೆ, ಪಂಚಾಯಿತಿಗೆ ನಿಮ್ಮ ಸೈಟಿನ ವಿಳಾಸ, ಮೇಸ್ತ್ರಿಯ ನಂಬರು ಬರೆಸಿ.

ಅವನನ್ನೂ ಒಯ್ಯುವುದೇ ಆದರೆ, ಟಿಸಿ ಇಲ್ಲ ಅಂತ ಅಲ್ಲಿನ ಶಾಲೆ ಸೇರಿಸಿಕೊಳ್ಳದೆ ಇರುವಂತಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ ಇದನ್ನು ಸ್ಪಷ್ಟ ಹೇಳುತ್ತದೆ, ವಯಸ್ಸಿಗೆ ತಕ್ಕ ತರಗತಿಯಲ್ಲೇ ಕೂಡಿಸಬೇಕು. ಆದರೂ ಶಾಲೆಯಿಂದ ಅವನ ಪೆನ್ ಸಂಖ್ಯೆ (ಪ್ರತಿ ವಿದ್ಯಾರ್ಥಿಗೂ ಇರುವ ಶಾಶ್ವತ ಶಿಕ್ಷಣ ಸಂಖ್ಯೆ) ಬರೆಸಿಕೊಂಡು ಹೋಗಿ, ಯಾವ ರಾಜ್ಯದಲ್ಲಾದರೂ ನಡೆಯುತ್ತದೆ. ಸಣ್ಣವಳ ತಾಯಿ ಕಾರ್ಡು ಮರೆಯಬೇಡಿ, ಲಸಿಕೆ ಲೆಕ್ಕ ಅದರಲ್ಲೇ ಇದೆ; ಅಲ್ಲಿನ ಅಂಗನವಾಡಿಯಲ್ಲೂ ಆಹಾರ ಸಿಗುತ್ತದೆ. ಅವಳ ರಟ್ಟೆಯ ಸುತ್ತಳತೆ ಇಲ್ಲೇ ಒಮ್ಮೆ ಅಳೆಸಿ. 11.5 ಸೆಂಟಿಮೀಟರಿಗಿಂತ ಕಡಿಮೆ ಇದ್ದರೆ ಅದು ತೀವ್ರ ಅಪೌಷ್ಟಿಕತೆ, ಆಗ ಹೊರಡಬೇಡಿ, ಮೊದಲು ಪೌಷ್ಟಿಕ ಪುನಶ್ಚೇತನ ಕೇಂದ್ರ.

ಸೈಟಿನಲ್ಲಿ ಅಪಾಯ ಎಲ್ಲಿದೆ ಅಂದರೆ ನೆಲದಲ್ಲಿ: ಮುಚ್ಚದ ಸಂಪು, ಲಿಫ್ಟಿನ ಗುಂಡಿ, ಕ್ಯೂರಿಂಗ್ ನೀರು ತುಂಬಿದ ತಗ್ಗು, ಹಿಂದೆ ಸರಿಯುವ ಟಿಪ್ಪರ್. ಎರಡು ವರ್ಷದ ಮಗು ಮುಳುಗಲು ಒಂದು ಬಕೆಟ್ ನೀರು ಸಾಕು, ಸದ್ದೂ ಆಗುವುದಿಲ್ಲ. ಶೆಡ್ಡಿಗೆ ಹೋದ ದಿನವೇ ಸಂಪಿಗೆ ಸೆಂಟ್ರಿಂಗ್ ಪ್ಲೇಟು ಮುಚ್ಚಿ ಮೇಲೆ ಎರಡು ಇಟ್ಟಿಗೆ ಇಟ್ಟು ಬನ್ನಿ. ಬರೀ ತಟ್ಟು ಹೊದಿಸಿದರೆ ಇನ್ನೂ ಕೆಟ್ಟದ್ದು, ನೆಲ ಅಂದುಕೊಂಡು ಮಗು ಕಾಲಿಡುತ್ತದೆ. ಐದಾರು ಮನೆ ಕೂಡಿ ಒಬ್ಬಾಕೆಯ ದಿನಗೂಲಿ ಹಂಚಿಕೊಂಡು ಮಕ್ಕಳನ್ನು ನೋಡಿಕೊಳ್ಳಲು ಕೂಡಿಸಿದರೆ ಎಲ್ಲಕ್ಕಿಂತ ಅಗ್ಗ. ಆ ಕೆಲಸವನ್ನು ಏಳೆಂಟು ವರ್ಷದ ಅಕ್ಕನಿಗೆ ಹಚ್ಚಬೇಡಿ.

ರೈಲಿನಲ್ಲಿ ಜನರಲ್ ಡಬ್ಬಿ ಹತ್ತುವಾಗ ಮಗುವನ್ನು ಕಿಟಕಿಯಿಂದ ಒಳಗೆ ಕೊಡುವ ರೂಢಿ ಬಿಡಿ. ಗಾಡಿ ಹೊರಟರೆ ಮಗು ಒಳಗೆ, ನೀವು ಪ್ಲಾಟ್‌ಫಾರ್ಮಿನಲ್ಲಿ. ಹಾಗಾದರೆ ರೈಲ್ವೆ ಸಹಾಯವಾಣಿ 139, ಇಲ್ಲವೇ 1098. ಡಬ್ಬಿ ಮುಂದಿತ್ತೋ ಹಿಂದಿತ್ತೋ, ಅಂಗಿಯ ಬಣ್ಣ ಯಾವುದು ಅನ್ನುವುದನ್ನು ಮೊದಲು ಹೇಳಿ.

ಪ್ರಶ್ನೆ: ನೆರೆಯಿಂದ ಪಾರಾಗಿ ಬಂದ ಮೇಲೆ ಏಳು ವರ್ಷದ ಮೊಮ್ಮಗ ಹಾಸಿಗೆಯಲ್ಲಿ ಉಚ್ಚೆ ಹೊಯ್ಯುತ್ತಾನೆ, ಮಳೆ ಸದ್ದಿಗೆ ನಡುಗುತ್ತಾನೆ. ಯಂತ್ರ ಕಟ್ಟಿಸಬೇಕೆ?
– ಅಜ್ಜ, ಜೇವರ್ಗಿ ತಾಲ್ಲೂಕು

ಉತ್ತರ: ಕಟ್ಟಿಸಿದರೆ ನಿಮ್ಮ ಸಮಾಧಾನ, ಆದರೆ ಬೈಯಬೇಡಿ, ಹೊಡೆಯಬೇಡಿ, ನಾಲ್ಕು ಜನರ ಮುಂದೆ ಹೇಳಬೇಡಿ. ಅಂಜಿದ ಮಗುವಿನ ಮೈ ಹೀಗೆಯೇ ಮಾಡುತ್ತದೆ. ದಿನಾ ಅದೇ ಹೊತ್ತಿಗೆ ಊಟ, ಅದೇ ಹೊತ್ತಿಗೆ ನಿದ್ದೆ, ನಿಮ್ಮ ಮಗ್ಗುಲಲ್ಲೇ ಮಲಗಲಿ, ಆದಷ್ಟು ಬೇಗ ಶಾಲೆಗೆ ಹೋಗಲಿ. "ಆವತ್ತು ಏನಾತು ಹೇಳು" ಅಂತ ಕೆದಕಬೇಡಿ. ತಾನಾಗಿ ಹೇಳಿದರೆ ಪೂರ್ತಿ ಕೇಳಿ. ನೆರೆಯ ವಿಡಿಯೊ ಅವನ ಮುಂದೆ ನೋಡಬೇಡಿ. ಬಹಳ ಮಕ್ಕಳು ಕೆಲವು ವಾರದಲ್ಲಿ ಸುಧಾರಿಸುತ್ತಾರೆ. ತಿಂಗಳು ಕಳೆದರೂ ಹೀಗೇ ಇದ್ದರೆ, ಉಣ್ಣುವುದು ಮಾತಾಡುವುದು ಬಿಟ್ಟರೆ, ಜಿಲ್ಲಾ ಆಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗಕ್ಕೆ ತೋರಿಸಿ, ಇಲ್ಲವೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್ 14416ಕ್ಕೆ ಫೋನು ಮಾಡಿ. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಒಂದು ಹುಡುಗಿಯೋ ಹುಡುಗನೋ ಕೇಂದ್ರದಲ್ಲಿದ್ದಾಗ ಯಾರೋ ಒಬ್ಬರನ್ನು ಕಂಡರೆ ಮಾತ್ರ ಬೆದರುತ್ತಿದ್ದರೆ ಅದನ್ನು ನೆರೆಯ ಅಂಜಿಕೆ ಅಂತ ತಳ್ಳಿಹಾಕದೆ 1098ಕ್ಕೆ ತಿಳಿಸಬೇಕು.